ಏಳು ಅಂಕಣದ ಮನೆ ಮತ್ತು ನನ್ನ ಅನುಮಾನ

ಅಂತಿಮ ವರ್ಷದ ಮೌಖಿಕ ಪರೀಕ್ಷೆಯ ದಿನ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೊರಗಿನಿಂದ ಬರಬೇಕಾದ ಪರೀಕ್ಷಕರ ರೈಲು ಗುಂತಕಲ್ಲಿನಲ್ಲೇ ನಿಂತುಬಿಡಬಹುದಿತ್ತು. ಬಂದರೂ ನಮ್ಮ ಬಳ್ಳಾರಿಯ ಬಿಸಿಲು ನೆತ್ತಿಗೇರಿ, ಊಟಕ್ಕೆ ಮುಂಚೆ ಸಿಕ್ಕ ವಿದ್ಯಾರ್ಥಿಗಳನ್ನೆಲ್ಲ ನಪಾಸು ಮಾಡಬಹುದಿತ್ತು. ಸೆಖೆಗೆ ಅಂಟು ಕರಗಿ ಮಾದರಿ ಮನೆಗಳ ಚಾವಣಿ ಜಾರಬಹುದಿತ್ತು. ಫ್ಯಾನು ಹಾಕಿದರೆ ಹಾಳೆಗಳು ಹಾರಬಹುದಿತ್ತು, ಆರಿಸಿದರೆ ಪರೀಕ್ಷಕರೇ ಎದ್ದು ಹೋಗಬಹುದಿತ್ತು. ಊರಿಗೆಂದು ಕರೂರಿಗೆ ಹೋಗಿದ್ದ ನನ್ನ ವಿದ್ಯಾರ್ಥಿನಿ ಹುಲಿಗೆಮ್ಮ ಸಿರುಗುಪ್ಪದಲ್ಲಿ ಬಸ್ಸು ತಪ್ಪಿಸಿಕೊಳ್ಳಬಹುದಿತ್ತು. ಬಂದು ನಿಂತರೂ ನಾಲ್ಕು ಜನರ ಮುಂದೆ ಬಾಯಿ ಕಟ್ಟಬಹುದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಎಲ್ಲರೆದುರಿಗೆ, "ಈ ಹುಡುಗಿ ಮ್ಯಾಲ ಒಂದು ತಕರಾರು ಇತ್ತಲ್ರಿ ಮೇಡಂ?" ಎಂದುಬಿಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಕೆಲಸದ ಮೇಲೆ ನನಗೆ ಬಂದಿದ್ದ ಅನುಮಾನವೇ ಪರೀಕ್ಷಕರಿಗೂ ಬರಬಹುದಿತ್ತು.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ನನಗೆ ಅದು ರೂಢಿ. ಬರೆದಿಟ್ಟರೆ ಕೆಟ್ಟದ್ದಕ್ಕೆ ನಾಚಿಕೆಯಾಗಿ ಬರುವುದಿಲ್ಲ ಎಂಬ ಒಂದು ನಂಬಿಕೆ. ಆವತ್ತು ಚೀಟಿಯಲ್ಲಿದ್ದ ಒಂದೂ ನಡೆಯಲಿಲ್ಲ. ನಡೆದದ್ದು ಬೇರೆ, ಬಹಳ ಸಣ್ಣದು.

ವಾಸ್ತುಶಿಲ್ಪ ಮತ್ತು ಒಳಾಂಗಣ ವಾಸ್ತುಶಿಲ್ಪ ಕಲಿಸುವ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿ, ಐವತ್ತೆರಡಕ್ಕೆ ನಾನೇ ಅರ್ಜಿ ಕೊಟ್ಟು ನಿವೃತ್ತಿ ತೆಗೆದುಕೊಂಡವಳು ನಾನು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲವರು ಮನೆಗೆ ಬರುತ್ತಾರೆ. "ಮೇಡಂ, ಡಿಸೈನ್ ಕಲಿಸೋದು ಹೆಂಗ್ರಿ?" ಎಂದು ಕೇಳುತ್ತಾರೆ. ನನಗೆ ಗೊತ್ತಿದ್ದರೆ ತಾನೆ? ಅವಧಿಯ ಮುಕ್ಕಾಲು ಪಾಲು ನಾನು ಮಾಡಿದ್ದು ಒಂದೇ ಕೆಲಸ: ಇದು ಯಾರ ಕೈ ಎಂದು ಅನುಮಾನ ಪಡುವುದು. ಗಂಡಸರಾದರೆ ಇದಕ್ಕೆ ಶಿಸ್ತು ಎನ್ನುತ್ತಿದ್ದರು. ನನಗೆ ಮಕ್ಕಳು ಇಟ್ಟ ಹೆಸರು ಸಿಐಡಿ.

ನಾನು ಸೇರಿದಾಗ ಟಿ-ಸ್ಕ್ವೇರು, ಟ್ರೇಸಿಂಗ್ ಹಾಳೆ, ಶಾಯಿ ಪೆನ್ನುಗಳ ಕಾಲ. ಮೋಸ ಹಿಡಿಯುವುದು ಸುಲಭವಾಗಿತ್ತು. ಹಾಳೆಯನ್ನು ಕಿಟಕಿಗೆ ಹಿಡಿದರೆ ಬ್ಲೇಡಿನಿಂದ ಕೆರೆದ ಜಾಗ ತೆಳ್ಳಗೆ ಹೊಳೆಯುತ್ತಿತ್ತು. ಹಿರಿಯ ವಿದ್ಯಾರ್ಥಿಯ ಹೆಸರನ್ನು ಕೆರೆದು ತಮ್ಮ ಹೆಸರು ಬರೆದವರು ಎಷ್ಟೋ ಜನ. ಆಮೇಲೆ ಕಂಪ್ಯೂಟರು ಬಂತು, ಕೆರೆದ ಗುರುತೇ ಹೋಯಿತು. ಫೈಲಿನ ಹೊಟ್ಟೆಯೊಳಗೆ ದುಡ್ಡಿಗೆ ನಕ್ಷೆ ಬರೆದುಕೊಡುವ ಯಾವ ಅಂಗಡಿಯ ಹೆಸರಿದೆ ಎಂದು ಹುಡುಕುವುದನ್ನು ಕಲಿತೆ. ಈಗ ಇನ್ನೂ ಸೊಗಸು. ಮೊಬೈಲಿಗೆ ಹೇಳಿದರೆ ಅದೇ ಚಿತ್ರ ಬಿಡಿಸಿ ಕೊಡುತ್ತದೆ. ಒಬ್ಬ ಹುಡುಗ ಅಂಥದೊಂದು ಅಡುಗೆಮನೆ ತಂದಿದ್ದ. ಬೆಳಕು ಏನು, ಹಸಿರು ಏನು! ಹತ್ತು ನಿಮಿಷ ನೋಡಿದ ಮೇಲೆ ಹೊಳೆಯಿತು, ಅದಕ್ಕೆ ಬಾಗಿಲೇ ಇರಲಿಲ್ಲ. "ಒಳಗೆ ಹೋಗೋದು ಹೇಗಪ್ಪಾ?" ಎಂದೆ. ಅವನು ಚಿತ್ರ ನೋಡಿದ, ನನ್ನನ್ನು ನೋಡಿದ. "ಒಮ್ಮೆ ಹೋದ್ರ ಹೊರಗ ಬರಾಕ ಮನಸ್ಸ ಆಗಂಗಿಲ್ರಿ ಮೇಡಂ," ಎಂದ. ಆ ಮಾತಿಗಾದರೂ ಅಂಕ ಕೊಡಬೇಕಿತ್ತು.

ಈ ರೋಗ ನನಗೆ ಅಂಟಿದ್ದು ರೂಪನಗುಡಿಯಲ್ಲಿ. ಎರಡನೇ ವರ್ಷದವರು ಒಂದು ಹಳೆಯ ಕಟ್ಟಡವನ್ನು ಟೇಪು ಹಿಡಿದು ಅಳೆದು, ಇದ್ದದ್ದನ್ನು ಇದ್ದಂತೆ ಬರೆದು ತರಬೇಕು. ನಾಲ್ಕು ಜನ ಸೇರಿ ಅಲ್ಲಿನ ಒಂದು ಕಾಳಿನ ಗೋದಾಮನ್ನು ಅಳೆದು ತಂದಿದ್ದರು. ಹಾಳೆ ಎಷ್ಟು ಚೆಂದ ಎಂದರೆ ನಾನು ಅದನ್ನು ಎರಡು ಸಲ ತಿರುಗಿಸಿ ನೋಡಿದೆ. ಹಳೆಯ ಗೋಡೆ ಯಾವತ್ತೂ ನೇರ ಇರುವುದಿಲ್ಲ. ಒಂದು ಕಡೆ ಎರಡು ಬೆರಳು ಹೆಚ್ಚು, ಇನ್ನೊಂದು ಕಡೆ ನಾಲ್ಕು ಬೆರಳು ಕಡಿಮೆ, ಹಾಗೇ ಇರಬೇಕು. ಇವರ ಗೋದಾಮು ಮಾತ್ರ ಸಾಬೂನಿನ ಡಬ್ಬಿಯ ಹಾಗೆ ಚೌಕವಾಗಿತ್ತು. ಭಾನುವಾರ ಬಸ್ಸು ಹತ್ತಿ ಹೋದೆ. ಚಹಾದಂಗಡಿಯವರನ್ನು ಕೇಳಿದರೆ, "ಯಾವ ಗೋದಾಮ್ರಿ? ಅದು ಬಿದ್ದು ಎರಡು ಮಳಿಗಾಲ ಆತು. ಈಗ ಅಲ್ಲಿ ವಾಲಿಬಾಲ್ ಆಡ್ತಾರ," ಎಂದರು.

ಸೋಮವಾರ ತರಗತಿಯಲ್ಲಿ ನಾಲ್ವರನ್ನೂ ನಿಲ್ಲಿಸಿ ಕೇಳಿದೆ, "ಅಳೆಯುವಾಗ ವಾಲಿಬಾಲಿನ ನೆಟ್ಟು ಅಡ್ಡ ಬರಲಿಲ್ಲವೇ?"

ಅವರಲ್ಲೊಬ್ಬ ಕಣ್ಣು ಮಿಟುಕಿಸದೆ ಹೇಳಿದ, "ಬಂದಿತ್ರಿ ಮೇಡಂ. ಬಗ್ಗಿ ಹೋದ್ವಿ."

ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆವತ್ತಿನಿಂದ ನನ್ನ ತಲೆಯಲ್ಲಿ ಒಂದು ನಿಯಮ ಕೂತುಬಿಟ್ಟಿತು: ಅಳತೆ ನೆಟ್ಟಗೆ ಬಂದಿದೆ ಎಂದರೆ ಅಲ್ಲಿಗೆ ಯಾರೂ ಹೋಗಿಲ್ಲ.

ನಿಯಮ ಸಿಕ್ಕಿತು ಎಂದು ಉಬ್ಬಿದವಳಿಗೆ ಮೊದಲ ಪೆಟ್ಟು ಕೊಟ್ಟವನು ಸಿರುಗುಪ್ಪದ ಮಾರುತಿ. ಅಕ್ಕಿ ಗಿರಣಿಯೊಂದರ ಕಚೇರಿಗೆ ಒಳಾಂಗಣ ಮಾಡುವ ಪಾಠ. ಅವನು ತಂದ ಮಾದರಿಯಲ್ಲಿ ಮೇಜು, ಕಪಾಟುಗಳಲ್ಲಿ ಮರಕ್ಕೆ ಮರ ಸೇರುವ ಕೂಡುಗಳು ಕೂದಲು ತೂರದಷ್ಟು ಬಿಗಿ. "ಇದು ನಿನ್ನ ಕೈ ಅಲ್ಲ," ಎಂದೆ.

"ನಮ್ಮಪ್ಪ ಬಡಿಗ್ಯಾ ಅದಾನ್ರಿ."

"ಹಾಗಾದರೆ ಅಪ್ಪ ಮಾಡಿದ್ದು."

"ಅಲ್ರಿ. ಅಪ್ಪ ಕಲಿಸಿದ್ದು."

ನನ್ನೆದುರಿಗೇ ಮಾಡು ಎಂದೆ. ಅವನು ಉಳಿ ತೆಗೆದು ಅರ್ಧ ತಾಸಿನಲ್ಲಿ ಒಂದು ಕೂಡು ಮಾಡಿ ಮೇಜಿನ ಮೇಲಿಟ್ಟ. ನಾನು ಹಿಡಿದು ಅಲ್ಲಾಡಿಸಿದೆ. ಅಲ್ಲಾಡಲಿಲ್ಲ. ಆಮೇಲೆ ಅವನು ಉಳಿಯನ್ನು ನನ್ನ ಕಡೆ ಚಾಚಿ, "ನೀವೂ ಒಂದು ಮಾಡ್ರಿ ಮೇಡಂ, ಹೆಂಗ ಬರ್ತೈತಿ ನೋಡೂಣು," ಎಂದ. ಹಟಕ್ಕೆ ಮಾಡಿದೆ. ನನ್ನ ಕೂಡು ಮಗುವಿನ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಕ್ಷಮೆ ಕೇಳಬೇಕಾಗಿತ್ತು. ಕೇಳದೆ ಪೂರ್ತಿ ಅಂಕ ಕೊಟ್ಟೆ. ಹೇಡಿಗಳು ಕ್ಷಮೆ ಕೇಳುವ ದಾರಿ ಅದು.

ನಮ್ಮ ಮುಖ್ಯಸ್ಥರು ರುದ್ರಗೌಡ ಸರ್. ಸಣ್ಣ ದನಿಯ ದೊಡ್ಡ ಮನುಷ್ಯ. ನಾನು ಏನಾದರೂ ಅನುಮಾನ ಹೊತ್ತು ಅವರ ಕೋಣೆಗೆ ಹೋದರೆ, "ಅನುಮಾನ ಅಂದ್ರ ಹವಾ ಇದ್ದಂಗ ಮೇಡಂ, ನನ್ನ ಕೈಗೆ ಸಿಗಂಗಿಲ್ಲ. ಬರದು ಕೊಡ್ರಿ. ಕಾಗದ ಆದ್ರ ಫೈಲಿಗೆ ಹಾಕಬಹುದು," ಎನ್ನುತ್ತಿದ್ದರು. ಇದು ಅವರು ನನ್ನನ್ನು ಸಾಗಹಾಕುವ ಉಪಾಯ. ಬರೆಯಲು ಕೂತರೆ ಹತ್ತರಲ್ಲಿ ಒಂಬತ್ತು ಅನುಮಾನ ಎರಡನೇ ಸಾಲಿಗೇ ಕರಗಿ ಹೋಗುತ್ತಿದ್ದವು. ಅವರಿಗೆ ಇದು ಗೊತ್ತಿತ್ತು. ನನಗೆ ಗೊತ್ತಾಗಲು ಹದಿನೈದು ವರ್ಷ ಹಿಡಿಯಿತು.

ಕರಗದೆ ಉಳಿದ ಒಂದು, ಹುಲಿಗೆಮ್ಮನದು.

ಹುಲಿಗೆಮ್ಮ ಕರೂರಿನವಳು. ತಾಯಿ ಬೇರೆಯವರ ಗದ್ದೆಯಲ್ಲಿ ಭತ್ತದ ನಾಟಿಗೆ ಹೋಗುವವರು. ಅವರ ಮನೆತನದಲ್ಲಿ ಕಾಲೇಜು ಕಂಡವಳು ಇವಳೊಬ್ಬಳೇ. ಐದು ವರ್ಷದಲ್ಲಿ ತರಗತಿಯಲ್ಲಿ ತಾನಾಗಿ ಹತ್ತು ಮಾತು ಆಡಿದ್ದಳೋ ಇಲ್ಲವೋ. ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡಿದ್ದು ಕುರುಗೋಡಿನ ಒಂದು ಹಳೆಯ ಮಾಳಿಗೆ ಮನೆ. ಮರದ ಕಂಬ, ತೊಲೆ, ಮೇಲೆ ಮಣ್ಣಿನ ಚಾವಣಿ, ಅದೇ ಮಾಳಿಗೆ. ಆ ಮನೆಯಲ್ಲಿ ಈಗ ಹದಿನಾಲ್ಕು ಹೊಲಿಗೆ ಯಂತ್ರ ಹಾಕಿ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಹೊಲಿಯುವ ಹೆಂಗಸರಿಗೆ ಬೆಳಕು ಸಾಲದು, ಗಾಳಿ ಸಾಲದು, ನೀಲಿ ದೂಳು ಮೂಗಿಗೆ. ಮನೆಯನ್ನು ಕೆಡವದೆ ಒಳಗಿನ ಏರ್ಪಾಡು ಬದಲಿಸಿ ಅವರು ಸುಖವಾಗಿ ಕೂರುವಂತೆ ಮಾಡುವುದು ಅವಳ ವಿಷಯ. ಮಾರ್ಗದರ್ಶಕಿ ನಾನು.

ಮನೆಯ ನಕ್ಷೆ ಬಂತು. ಏಳು ಅಂಕಣದ ಮನೆ. ಅಂಕಣವೆಂದರೆ ಒಂದು ಕಂಬದಿಂದ ಮುಂದಿನ ಕಂಬದವರೆಗಿನ ಜಾಗ. ಮೊದಲ ಅಂಕಣ ಎರಡು ಮೀಟರು ನಲವತ್ತು. ಎರಡನೆಯದು ಎರಡು ನಲವತ್ತು. ಮೂರನೆಯದೂ. ಏಳಕ್ಕೆ ಏಳೂ. ನನಗೆ ವಾಲಿಬಾಲಿನ ನೆಟ್ಟು ಕಾಣಿಸಿತು.

"ನೀನೇ ಅಳೆದೆಯಾ?"

"ಹೂಂ ಮೇಡಂ."

"ಎಲ್ಲ ಒಂದೇ ಬಂತೇ?"

ಅವಳು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ ಮೇಡಂ," ಎಂದಳು. ಆ ಸ್ವಲ್ಪ ಹೊತ್ತು ನನಗೆ ಸಾಕಾಯಿತು.

ಈ ಸಲ ಬರೆಯಲು ಕೂತರೆ ಎರಡನೇ ಸಾಲಿಗೆ ಕರಗಲಿಲ್ಲ. ಒಂದೂವರೆ ಪುಟ ಬಂತು. ಸ್ಥಳಕ್ಕೆ ಹೋಗದೆ ಅಳತೆ ಕಲ್ಪಿಸಿದ್ದಾಳೆ, ಪ್ರಬಂಧ ತಿರಸ್ಕರಿಸಬಹುದು ಎಂದು ಬರೆದೆ. ರುದ್ರಗೌಡ ಸರ್ ಕನ್ನಡಕ ಏರಿಸಿ ಓದಿ, ಕಾಗದವನ್ನು ನನಗೇ ಹಿಂದಕ್ಕೆ ಕೊಟ್ಟರು.

"ಇದನ್ನ ನಾನು ತಗೊಂಡ್ರ ಸಮಿತಿ ಕೂಡ್ತೈತಿ. ಹುಡುಗಿ ಒಂದು ವರ್ಷ ಹೊರಗ. ಹಾಸ್ಟೆಲೂ ಹೋಗ್ತೈತಿ, ಸ್ಕಾಲರ್‌ಶಿಪ್ಪೂ ಹೋಗ್ತೈತಿ. ಆಮ್ಯಾಲ ಆಕಿ ವಾಪಸ್ ಬರ್ತಾಳ ಅಂತ ನನಗೇನೂ ಅನ್ಸಂಗಿಲ್ಲ. ನಾಟಿಗೆ ಹೋಗ್ತಾಳ, ಅವರವ್ವನ ಜೋಡಿ. ಸೋಮವಾರದತನಕ ನಿಮ್ಮ ಕಡೀನ ಇರ್ಲಿ."

ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಶನಿವಾರ ಬೆಳಿಗ್ಗೆ ಹುಲಿಗೆಮ್ಮನನ್ನು ಕರೆದುಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಹೊರಡುವ ಅರ್ಧ ತಾಸು ಮುಂಚೆಯಷ್ಟೇ ಹೇಳಿದ್ದೆ, ಮೊದಲೇ ಹೇಳಿದರೆ ಅಲ್ಲಿಯವರಿಗೆ ಪಾಠ ಹೇಳಿಕೊಟ್ಟಾಳು ಎಂದು. ಬಸ್ಸಿನಲ್ಲಿ ಅವಳು ಮೊಬೈಲು ಒತ್ತುತ್ತಿದ್ದಳು. ಬಗ್ಗಿ ನೋಡಿದೆ. ಏನೋ ಸೀರೆಯ ಚಿತ್ರ. ಅದೂ ಗುಪ್ತಸಂಕೇತ ಇರಬಹುದೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

"ನೀವು ನನ್ನ ನಂಬಂಗಿಲ್ಲ ಅಲ್ರೀ ಮೇಡಂ?" ಎಂದಳು, ಕಿಟಕಿಯ ಕಡೆ ಮುಖ ಮಾಡಿಕೊಂಡೇ.

"ನಾನು ಯಾರನ್ನೂ ನಂಬುವುದಿಲ್ಲ."

"ಹೌದ್ರಿ, ಹುಡುಗ್ರು ಹೇಳ್ತಾರ. ಮನ್ಯಾಗ ಹಾಲಿನ ಪಾಕೀಟೂ ಅಳದು ನೋಡ್ತೀರಂತ."

ಅಳೆಯುವುದು ನಿಜ. ಅದು ಹೊರಗೆ ಹೇಗೆ ಗೊತ್ತಾಯಿತು ಎಂಬ ಹೊಸ ಅನುಮಾನ ಕುರುಗೋಡು ಬರುವವರೆಗೂ ಜೊತೆಗಿತ್ತು.

ಮನೆಯ ಹೊಲಿಗೆ ಘಟಕ ನಡೆಸುವವಳು ನಾಗವೇಣಿ ಎಂಬ ನಲವತ್ತರ ಹೆಂಗಸು. ಕೊರಳಲ್ಲಿ ಟೇಪು, ಬಾಯಲ್ಲಿ ಎಲೆ ಅಡಿಕೆ. ಬಾಗಿಲಲ್ಲೇ, "ಏಮಮ್ಮಾ ಹುಲಿಗೀ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಯೋಗಕ್ಷೇಮ ಕೇಳಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾರಿವ್ರು? ಟ್ಯಾಕ್ಸು ಆಫೀಸಿನೋರೇನು?"

"ಅಲ್ಲಕ್ಕಾ, ನಮ್ಮ ಮೇಡಂ. ಮನಿ ಅಳ್ಯಾಕ ಬಂದಾರ."

"ಮತ್ತ ಅಳೀತೀರಾ? ಈಕಿ ಅಳದೂ ಅಳದೂ ನಮ್ಮ ಕಂಬ ಸವದು ಹೋಗ್ಯಾವ! ನಾಕು ಸಲ ಬಂದಾಳ. ನಾಕು ಸಲಾನೂ ನನ್ನ ಯಂತ್ರ ಬಂದ್."

ಒಳಗಿನಿಂದ ಇನ್ನೊಬ್ಬಳು ಕೂಗಿದಳು, "ಪ್ಯಾಂಟಿನ ಅಳತಿ ಬೇಕಂದ್ರ ಹೇಳ್ರಿ ಮೇಡಂ, ಅದು ಜಲ್ದಿ ಆಕ್ಕೈತಿ!" ಎಲ್ಲರೂ ನಕ್ಕರು.

ನಾಲ್ಕು ಸಲ ಬಂದಿದ್ದಾಳೆಯೇ? ಹೇಳಿಕೊಟ್ಟ ಸಾಕ್ಷಿಯೂ ಇರಬಹುದು. ನಾನು ಮನೆಯಿಂದ ತಂದಿದ್ದ, ಕೆಂಪು ಚುಕ್ಕೆ ಬಿಟ್ಟು ಅಳೆಯುವ ಯಂತ್ರ ತೆಗೆದೆ. ಮೊದಲ ಅಂಕಣಕ್ಕೆ ಹಿಡಿದೆ. ಎರಡು ಮೂವತ್ತೊಂದು ತೋರಿಸಿತು. ಗೆದ್ದೆ ಅಂದುಕೊಂಡೆ. ಹುಲಿಗೆಮ್ಮನ ಕಡೆ ತಿರುಗುವಷ್ಟರಲ್ಲಿ ಕಂಬದ ಮೇಲೆ ನನ್ನ ಕಣ್ಣು ಬಿತ್ತು. ಬಟ್ಟೆಗೆ ಗುರುತು ಹಾಕುವ ದರ್ಜಿಯ ಸುಣ್ಣದ ಬಿಲ್ಲೆಯಿಂದ, ಎದೆಯೆತ್ತರದಲ್ಲಿ, ಸಣ್ಣಗೆ ಬರೆದಿತ್ತು: 2.31.

ಎರಡನೆಯ ಕಂಬಕ್ಕೆ ಹೋದೆ. ಬರೆದದ್ದು 2.46. ಯಂತ್ರವೂ ಅದನ್ನೇ ಹೇಳಿತು. ಮೂರನೆಯದು 2.38. ನಾಲ್ಕನೆಯದು 2.27. ಐದನೆಯದು 2.52. ಒಂದಾದ ಮೇಲೊಂದು ಕಂಬ ನನ್ನ ಯಂತ್ರಕ್ಕಿಂತ ಮೊದಲೇ ಉತ್ತರ ಹೇಳಿಕೊಂಡು ನಿಂತಿತ್ತು.

ನನ್ನ ರೋಗ ಅಷ್ಟಕ್ಕೆ ಬಿಡುವಂಥದ್ದಲ್ಲ. ನಿನ್ನೆ ಬಂದು ಬರೆದಿದ್ದರೆ? ಬೆರಳಿನಿಂದ ಉಜ್ಜಲು ಕೈ ಎತ್ತಿದೆ.

"ಏ ಏ, ಒರಸಬ್ಯಾಡ್ರೀ!" ನಾಗವೇಣಿ ಓಡಿ ಬಂದಳು. "ಉಗಾದಿಗೆ ಕಂಬಕ್ಕ ಬಣ್ಣ ಹೊಡ್ಯಾಕ ಬಂದೋನು ಒರಸ್ತೀನಿ ಅಂದಿದ್ದ. ಈಕಿ ಫೋನಿನ್ಯಾಗ ಅತ್ತೇಬಿಟ್ಲು. ಅಷ್ಟಷ್ಟು ಜಾಗ ಬಿಡಿಸಿ ಬಣ್ಣ ಹೊಡಿಸೀವಿ ನೋಡ್ರಿ."

ನೋಡಿದೆ. ಪ್ರತಿ ಕಂಬದಲ್ಲೂ ಅಂಗೈ ಅಗಲದ ಹಳೆಯ ಬಣ್ಣದ ಚೌಕ, ಅದರ ನಡುವೆ ಅಂಕಿ, ಅಂಕಿಯ ಮೇಲೆ ತಿಂಗಳುಗಟ್ಟಲೆ ಕೂತ ನೀಲಿ ದೂಳು.

ಹಿತ್ತಲಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿದೆ, "ಸರಿಯಾದ ಅಳತೆ ಕೈಯಲ್ಲಿದ್ದರೆ ಹಾಳೆಯಲ್ಲಿ ಸುಳ್ಳು ಯಾಕೆ ಬರೆದೆ?"

"ಸುಳ್ಳಲ್ರಿ. ಒಟ್ಟು ಹದಿನಾರು ಮೀಟರ್ ಎಂಬತ್ತು. ಏಳರಿಂದ ಭಾಗಿಸಿದೆ."

"ಯಾಕೆ ಭಾಗಿಸಬೇಕಿತ್ತು?"

ಅವಳು ಸೆರಗಿನಂತೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಎರಡನೇ ವರ್ಷ ಕೊಳಗಲ್ಲಿನ್ಯಾಗ ಒಂದು ಕಲ್ಲಿನ ಕಟ್ಟೀ ಅಳಸಿದ್ರಿ. ಇಡೀ ಕ್ಲಾಸಿನ ಹಾಳ್ಯಾಗ ನಾಕೂ ಕಡಿ ಒಂದ ಅಳತಿ. ನಂದು ಮಾತ್ರ ಬ್ಯಾರೆ ಬಂದಿತ್ತು. ನೀವು ನನ್ನ ಹಾಳಿ ಮ್ಯಾಲ ಕೆಂಪು ಪೆನ್ನಿಲೆ 'ಅಳತೆ ತಪ್ಪು' ಅಂತ ಬರದ್ರಿ."

ನನಗೆ ನೆನಪಿರಲಿಲ್ಲ. ಆದರೆ ಅದು ನನ್ನದೇ ಕೆಲಸ ಎಂಬುದರಲ್ಲಿ ಅನುಮಾನ ಬರಲಿಲ್ಲ. ಮೂವತ್ತೊಂಬತ್ತು ಹಾಳೆ ಒಂದು ಮಾತು ಹೇಳುತ್ತಿದ್ದವು, ಒಂದು ಬೇರೆ ಹೇಳುತ್ತಿತ್ತು. ಮೂವತ್ತೊಂಬತ್ತು ಒಂದರಿಂದೊಂದು ನಕಲಾಗಿರಬಹುದು ಎಂದು ಸಿಐಡಿಗೆ ಹೊಳೆಯಲಿಲ್ಲ. ಒಂಟಿಯಾಗಿ ಸಿಕ್ಕವಳನ್ನು ಹಿಡಿದಿದ್ದೆ.

"ಆವತ್ತೇ ಹೇಳಬಹುದಿತ್ತಲ್ಲ?"

"ಯಾರು ನಂಬ್ತಾರ್ರಿ? ದೊಡ್ಡೋರ ಮಕ್ಕಳು ಸೊಟ್ಟ ಅಳತಿ ತಂದ್ರ ಗ್ವಾಡಿ ಸೊಟ್ಟ ಐತಿ ಅಂತೀರಿ. ನಾ ತಂದ್ರ ನಾ ಸೊಟ್ಟ ಅಳದೀನಿ ಅಂತೀರಿ. ಅದಕ್ಕ ಈ ಸಲ ಮನೀನ ನೆಟ್ಟಗ ಮಾಡಿಬಿಟ್ಟೆ."

ಇಪ್ಪತ್ತಾರು ವರ್ಷದಲ್ಲಿ ಯಾವ ಮೇಲಧಿಕಾರಿಯೂ ನನಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಬೈದಿರಲಿಲ್ಲ.

ಅಂಕಿಗಳನ್ನು ಬರೆದುಕೊಳ್ಳಲು ಚೀಲದಲ್ಲಿ ಕಾಗದ ಹುಡುಕಿದೆ. ಕೈಗೆ ಸಿಕ್ಕಿದ್ದು ಆ ಒಂದೂವರೆ ಪುಟದ ವರದಿ. ಅದರ ಬೆನ್ನಿನ ಮೇಲೆ ಏಳು ಅಂಕಣದ ಏಳು ಅಳತೆಯನ್ನೂ ಬರೆದುಕೊಂಡೆ. ಇನ್ನು ಅದನ್ನು ಯಾವ ಫೈಲಿಗೂ ಹಾಕುವಂತಿರಲಿಲ್ಲ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ಗಮನಿಸಬೇಕು: ಮನೆಯನ್ನು ನೆಟ್ಟಗೆ ಮಾಡಿಕೊಂಡು ಅದರ ಮೇಲೆ ವಿನ್ಯಾಸ ಮಾಡಿದ್ದರಿಂದ ಅವಳ ವಿನ್ಯಾಸವೂ ತಪ್ಪಿತ್ತು. ಪ್ರತಿ ಅಂಕಣಕ್ಕೂ ಎರಡೆರಡು ಯಂತ್ರ ಎದುರುಬದುರು ಇಟ್ಟಿದ್ದಳು. ಅವಳ ಹಾಳೆಯನ್ನು ನೆಲದ ಮೇಲೆ ಹಾಸಿದಾಗ ನಾಗವೇಣಿ ಬಂದು ಬಗ್ಗಿ ನೋಡಿ, ನಾಲ್ಕನೆಯ ಅಂಕಣದ ಮೇಲೆ ಬೆರಳಿಟ್ಟಳು.

"ಇಲ್ಲಿ ಯಾರನ್ನ ಕುಂದರಸ್ತೀ? ನನ್ನ ಸವತೀನಾ? ಇಲ್ಲಿ ಕುಂತ್ರ ಮೊಣಕೈ ಕಂಬಕ್ಕ ಬಡೀತೈತಿ. ನಾಕನೇದು ಮೊದಲಿಂದ ಇಕ್ಕಟ್ಟು. ಅಲ್ಲಿ ಯಾರೂ ಕುಂದ್ರಂಗಿಲ್ಲ, ಬರೇ ಓಡಾಡ್ತೀವಿ."

ಹುಲಿಗೆಮ್ಮ ಹಾಳೆಯನ್ನು ನೋಡುತ್ತ ಕೂತಳು. ಆಮೇಲೆ ಎದ್ದು ಹೋಗಿ ನಾಲ್ಕನೆಯ ಅಂಕಣದ ನಡುವೆ ನಿಂತು ಮೇಲೆ ನೋಡಿದಳು. "ಇಲ್ಲಿ ಯಾರೂ ಕುಂದ್ರಂಗಿಲ್ಲ ಅಂದ್ರ ಮಾಳಗೀನ ಇಲ್ಲೇ ತೆರದ್ರಾತಲ್ರಿ? ಬಿಸಲು ಯಾರ ತಲಿ ಮ್ಯಾಲೂ ಬೀಳಂಗಿಲ್ಲ. ಬೆಳಕು ಮಾತ್ರ ಎರಡೂ ಕಡಿ ಹೋಗ್ತೈತಿ."

ಡಿಸೈನ್ ಕಲಿಸುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಆ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದು ನಿಂತಿದ್ದೆ.

ಸೋಮವಾರ ರುದ್ರಗೌಡ ಸರ್ ಕಾಗದ ಕೇಳಿದರು. "ಕಳೆದುಹೋಯಿತು ಸರ್," ಎಂದೆ. ಅವರು ನನ್ನನ್ನು ನೋಡಿ, "ಹೋಗ್ಲಿ ಬಿಡ್ರಿ, ಹವಾ ಹೆಂಗೈತಿ ಕುರುಗೋಡಿನ್ಯಾಗ?" ಎಂದು ಚಹಾ ತರಿಸಿದರು. ಹುಲಿಗೆಮ್ಮ ಹನ್ನೆರಡು ದಿನ ಕೂತು ಎಲ್ಲ ಹಾಳೆಯನ್ನೂ ನಿಜವಾದ ಸೊಟ್ಟ ಅಳತೆಯಲ್ಲಿ ಮತ್ತೆ ಬರೆದಳು. ನಾನು ದಿನಕ್ಕೆ ಎರಡು ಸಲ ಒಂದೊಂದು ಅಂಕಿಯನ್ನೂ ತಾಳೆ ನೋಡಿದೆ. ಗೋಡೆಯ ದಪ್ಪ, ಬಾಗಿಲ ಎತ್ತರ, ಮೆಟ್ಟಿಲ ಲೆಕ್ಕ, ಯಾವುದನ್ನೂ ಬಿಡಲಿಲ್ಲ.

ಪರೀಕ್ಷೆಯ ದಿನ ಬಂತು. ರೈಲು ಹೊತ್ತಿಗೆ ಸರಿಯಾಗಿ ಬಂತು. ಪರೀಕ್ಷಕರು ತೆಳ್ಳನೆಯ, ಮಿತಭಾಷಿ ಮನುಷ್ಯ. ಬಿಸಿಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹುಲಿಗೆಮ್ಮ ಮೊದಲ ಬಸ್ಸಿಗೇ ಬಂದಿದ್ದಳು. ಮುದ್ರಣದಂಗಡಿಯಿಂದ ಬಂದ ಹಾಳೆಗಳನ್ನು ಮೇಜಿನ ಮೇಲೆ ಹಾಸಿ ನೋಡಿದರೆ, ಮೊದಲ ನಕ್ಷೆಯಲ್ಲಿ ಉತ್ತರ ದಿಕ್ಕನ್ನು ತೋರಿಸುವ ಬಾಣ ಮೂಡಿರಲಿಲ್ಲ. ಬಾಣವಿಲ್ಲದ ನಕ್ಷೆಯನ್ನು ನೋಡುವುದೇ ಇಲ್ಲ ಎನ್ನುವ ಪರೀಕ್ಷಕರಿದ್ದಾರೆ. ಮತ್ತೆ ಮುದ್ರಿಸಲು ಸಮಯವಿಲ್ಲ. ಹುಲಿಗೆಮ್ಮ ಮೇಜಿನ ಆ ಬದಿಯಲ್ಲಿ ಎರಡೂ ಕೈಯಿಂದ ಮಾದರಿಯ ಮಾಳಿಗೆಯನ್ನು ಅಂಟಿಗೆ ಒತ್ತಿ ಹಿಡಿದು ನಿಂತಿದ್ದಳು. ಬಿಟ್ಟರೆ ಕೂರುವುದಿಲ್ಲ.

"ಇರು," ಎಂದು ಈ ಬದಿಯಿಂದ ನಾನೇ ಪೆನ್ನು ತೆಗೆದೆ. ಮಾರ್ಗದರ್ಶಕರ ಕೈ ವಿದ್ಯಾರ್ಥಿಯ ಹಾಳೆಯ ಮೇಲೆ ಬೀಳಬಾರದು, ಬಿದ್ದರೆ ಆ ಹಾಳೆ ವಿದ್ಯಾರ್ಥಿಯದಲ್ಲ. ಕಿರಿಯ ಸಹೋದ್ಯೋಗಿಗಳಿಗೆ ನಾನು ವರ್ಷವೂ ಹೇಳುತ್ತಿದ್ದ ಮಾತು ಅದು. ಆಚೀಚೆ ನೋಡಿದೆ, ಯಾರೂ ಇರಲಿಲ್ಲ. ಹಳೆಯ ಶಾಯಿ ಕಾಲದ ಕೈ, ಅಳುಕದೆ ಎಳೆಯಿತು. ಅರ್ಧ ತುಂಬಿದ ತುದಿ, ತೆಳ್ಳನೆಯ ಬಾಲ. ಬಹಳ ಚೆಂದದ ಬಾಣ.

ಪರೀಕ್ಷಕರು ಅವಳ ಮುಂದೆ ಬಹಳ ಹೊತ್ತು ನಿಂತರು. "ಕಂಬಗಳ ನಡುವಿನ ಅಂತರ ಒಂದೊಂದು ಒಂದೊಂದು ಥರ ಇದೆಯಲ್ಲ?" ಎಂದರು. ನಾನು ಪರ್ಸಿನ ಚೀಟಿಗೆ ಕೈ ಹಾಕಿದೆ.

"ಮನಿ ಹಂಗ ಐತ್ರಿ ಸರ್," ಎಂದಳು ಹುಲಿಗೆಮ್ಮ. "ತೊಲಿ ಎಷ್ಟುದ್ದ ಸಿಕ್ಕಾವೋ ಅಷ್ಟಕ್ಕ ಕಂಬ ನಿಲ್ಲಿಸ್ಯಾರ." ಆಮೇಲೆ ನಾಲ್ಕನೆಯ ಅಂಕಣದ ಕಥೆ, ಮೊಣಕೈ, ಬೆಳಕು ಎಲ್ಲವನ್ನೂ ಹೇಳಿದಳು. ಐದು ವರ್ಷ ಕೂಡಿಟ್ಟಿದ್ದ ಮಾತೆಲ್ಲ ಆಚೆ ಬಂದಂತಿತ್ತು. ಪರೀಕ್ಷಕರು ತಲೆದೂಗಿದರು. ರುದ್ರಗೌಡ ಸರ್ ಹಳೆಯ ತಕರಾರಿನ ಸುದ್ದಿ ಎತ್ತಲಿಲ್ಲ. ಚಾವಣಿ ಜಾರಲಿಲ್ಲ. ನಾನು ಚೀಟಿಯನ್ನು ಪರ್ಸಿನಲ್ಲೇ ಮುದುಡಿದೆ.

ಹೊರಡಲು ತಿರುಗಿದ ಪರೀಕ್ಷಕರು ಮತ್ತೆ ನಿಂತು, ಮೊದಲ ಹಾಳೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಈ ಬಾಣದ ಪ್ರಕಾರ ಈ ಮನೆಗೆ ಬೆಳಗಿನ ಬಿಸಿಲು ಹಿತ್ತಲಿಂದ ಬರಬೇಕು. ಉಳಿದ ಹಾಳೆಗಳಲ್ಲಿ ಮುಂಬಾಗಿಲಿಂದ ಬಂದಿದೆ. ಕೈಯಲ್ಲಿ ಹಾಕಿದ ಬಾಣ ಇದು. ಯಾರು ಹಾಕಿದ್ದು?"

ಆಗ ಹೊಳೆಯಿತು. ಮೇಜಿನ ಈ ಬದಿಯಲ್ಲಿ ನಿಂತಿದ್ದ ನನಗೆ ಹಾಳೆ ತಲೆಕೆಳಗಾಗಿತ್ತು. ಕೈ ರೂಢಿಯಂತೆ ಬಾಣವನ್ನು ನನಗೆ ಮೇಲಾದ ಕಡೆಗೆ ಎಳೆದಿತ್ತು. ನಾನು ಬಾಯಿ ತೆರೆದೆ.

"ನಾನ ಹಾಕಿದ್ದು ಸರ್," ಎಂದಳು ಹುಲಿಗೆಮ್ಮ, ನನ್ನ ಕಡೆ ನೋಡದೆ. "ಗಡಿಬಿಡ್ಯಾಗ ತಲಿಕೆಳಗ ಆತು."

ಅವರು ನಕ್ಕು ಮುಂದಿನ ವಿದ್ಯಾರ್ಥಿಯ ಕಡೆ ಹೋದರು. ನಾನು ತೆರೆದ ಬಾಯಿ ಮುಚ್ಚಿದೆ. ಆಮೇಲೆ ಪಡಸಾಲೆಯಲ್ಲಿ ಅವಳನ್ನು ತಡೆದು, ಯಾಕೆ ಹಾಗೆಂದೆ ಎಂದು ಕೇಳಿದೆ. "ನಿಮ್ಮ ಕೈ ಅಂದಿದ್ರ ಹಾಳೀನ ನಂದಲ್ಲ ಅಂತಿದ್ರು ಮೇಡಂ," ಎಂದು ಹೇಳಿ, ಮಾದರಿ ಮನೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅದನ್ನು ಕುರುಗೋಡಿಗೆ ಒಯ್ದು ನಾಗವೇಣಿಗೆ ತೋರಿಸಬೇಕಂತೆ.

ಸಂಜೆ ಅಂಕಪಟ್ಟಿ ನನ್ನ ಮೇಜಿಗೆ ಬಂತು. ಹುಲಿಗೆಮ್ಮ ಮೊದಲ ದರ್ಜೆಯಲ್ಲಿ ಪಾಸು. ಷರಾ ಕಾಲಮ್ಮಿನಲ್ಲಿ ಪರೀಕ್ಷಕರು ಸಣ್ಣ ಅಕ್ಷರದಲ್ಲಿ ಬರೆದಿದ್ದರು: 'ದಿಕ್ಕಿನ ಬಾಣ ತಪ್ಪು, ವಿದ್ಯಾರ್ಥಿನಿಯ ಅಜಾಗರೂಕತೆ, ಒಂದು ಅಂಕ ಕಡಿತ.' ಕೆಳಗೆ ಮಾರ್ಗದರ್ಶಕರ ಸಹಿಗೆ ಜಾಗವಿತ್ತು. ಎರಡು ಸಲ ಓದಿ, ಸಹಿ ಹಾಕಿದೆ.